ಬಿಸಿಲು ಬೀಳದ ಬದಿ

"ತಲೆ ತಗ್ಗಿಸಿ. ಇನ್ನೂ ಕೆಳಗೆ. ಮಂಡಿ ಊರಿ ಅಂದ್ರೆ ಊರ್ಬೇಕು ರೀ!"

ಊರಿದೆ. ಹೆಂಡತಿಯ ಎದುರು ಮಂಡಿಯೂರುವುದು ನನಗೆ ಹೊಸದಲ್ಲ. ಆದರೆ ಹಾಡಹಗಲಲ್ಲಿ, ರೈಲು ಹಳಿಯ ಪಕ್ಕದ ಮುಳ್ಳುಪೊದೆಯೊಳಗೆ ಊರಿದ್ದು ಇದೇ ಮೊದಲು.

"ಏನು ಕಾಣ್ತಿದೆ?"

"ಮುಳ್ಳು."

"ಅದರ ಆಚೆ?"

ನೋಡಿದೆ. ಪೊದೆಯ ನಡುವೆ ಒಂದು ಕಿಂಡಿ ಇತ್ತು. ನಿಂತವರಿಗೆ ಕಾಣದು, ಕೂತವರಿಗೆ ಮಾತ್ರ. ಕಿಂಡಿಯ ಆಚೆ ಹಳಿ, ಹಳಿಯ ಪಕ್ಕದಲ್ಲಿ ಎಂಜಿನ್ನಿಗೆ ನೀರು ತುಂಬುವ ಕಬ್ಬಿಣದ ಕಂಬ. ಯಾರೋ ಅಳತೆ ಹಿಡಿದು ಚೌಕಟ್ಟು ಕೂರಿಸಿದ ಹಾಗಿತ್ತು.

"ಇದು ಮೇಕೆ ಮೇದಿದ್ದಲ್ಲ" ಎಂದಳು ಹೆಂಡತಿ ಹೆಮ್ಮೆಯಿಂದ. "ನಾವು ರೈಲಿನ ಫೋಟೋ ತೆಗೆಯೋಕೆ ಮುಂಚೆ ಹೀಗೆ ಮಾಡ್ತೀವಿ. ಎಲೆ, ಕಡ್ಡಿ ಅಡ್ಡ ಬರಬಾರ್ದಲ್ಲ. ನಮ್ಮ ಬಳಗದಲ್ಲಿ ಇದಕ್ಕೆ ಕ್ಷೌರ ಅಂತೀವಿ. ಕತ್ತರಿಸಿದ ತುದಿ ನೋಡಿ, ಒಣಗಿದೆ. ಚಿಗುರಿನ್ನೂ ಬಂದಿಲ್ಲ. ಅಂದ್ರೆ ಹೋದ ಭಾನುವಾರ ಇಲ್ಲಿ ಯಾರೋ ಕೂತು..."

ಹೇಳುತ್ತಾ ಹೇಳುತ್ತಾ ಅವಳ ಧ್ವನಿ ಇಳಿಯಿತು.

"ಕೂತು?" ಎಂದೆ.

"ಏನಿಲ್ಲ. ಹಳೇದೂ ಇರಬಹುದು. ನಡೀರಿ, ಹಸಿವಾಗ್ತಿದೆ."

ಇವತ್ತೇ ಈ ಪೊದೆಗೆ ಬಂದವರಿಗೆ ಒಂದೇ ಮಾತು: ಹೋದ ಭಾನುವಾರ ನಮ್ಮೂರ ಹಳೆಯ ಉಗಿ ಎಂಜಿನ್ನಿನ ಎಡಬದಿಯ ಹಿತ್ತಾಳೆ ಫಲಕ ಕಾಣೆಯಾಯಿತು, ಕದ್ದದ್ದು ಅದರ ಡ್ರೈವರ್ ಎಂದು ಶೆಡ್ಡಿನ ಸಾಹೇಬರು ತೀರ್ಮಾನಿಸಿದ್ದಾರೆ, ಆ ಡ್ರೈವರ್ ನನ್ನ ಹೆಂಡತಿಯ ತಂದೆ.

ನಾಳೆ ಮಾವನ ನೌಕರಿಯ ಕೊನೆಯ ದಿನ. ಆ ಎಂಜಿನ್ನನ್ನು ಅವರು ಓಡಿಸುವ ಕೊನೆಯ ಸಲ. ಊರೆಲ್ಲ ಅದನ್ನು ಅಜ್ಜಿ ಎನ್ನುತ್ತದೆ. ಇವತ್ತು ಸಂಜೆ ಐದರೊಳಗೆ ಅವರು ಕಳ್ಳರಲ್ಲ ಎಂದು ತೋರಿಸಿಕೊಡದಿದ್ದರೆ ಅಜ್ಜಿಯ ಮೇಲೆ ನಾಳೆ ಬೇರೆ ಡ್ರೈವರ್ ಕೂರುತ್ತಾನೆ.

ನಾನು ಹಿಂದೆ ವಿಮಾ ಕಂಪನಿಯಲ್ಲಿ ಸುಳ್ಳು ಅಪಘಾತಗಳನ್ನು ಹಿಡಿಯುತ್ತಿದ್ದವನು. ಈಗ ಸ್ವಂತ ಬೋರ್ಡು ಹಾಕಿಕೊಂಡು ಪತ್ತೇದಾರನಾಗಿದ್ದೇನೆ. ಕಳೆದುಹೋದ ನಾಯಿಯಿಂದ ಹಿಡಿದು ಓಡಿಹೋದ ಪಾಲುದಾರನವರೆಗೆ ಹುಡುಕಿಕೊಟ್ಟಿದ್ದೇನೆ. ಆದರೆ ಸ್ವಂತ ಮಾವನ ಕೇಸು ಬಂದಾಗ ಫೀಜೂ ಇಲ್ಲ, ಸೋತರೆ ಮನೆಯಲ್ಲಿ ಊಟವೂ ಇಲ್ಲ.

ಬೆಳಿಗ್ಗೆ ಶೆಡ್ಡಿಗೆ ಹೋಗಿ ಸಾಹೇಬರನ್ನು ಕಂಡು ಬಂದಿದ್ದೆ. ಎಂಥ ಸೆಕೆಯಲ್ಲೂ ಸಾಸಿವೆ ಬಣ್ಣದ ತೋಳಿಲ್ಲದ ಸ್ವೆಟರ್ ತೊಡುವ ಮನುಷ್ಯ. ಬೆನ್ನಿಗೆ ಗಾಳಿ ತಾಗಬಾರದಂತೆ.

"ಬೆಳಿಗ್ಗೆ ಶೆಡ್ಡು ಬಿಡುವಾಗ ಎರಡೂ ಪ್ಲೇಟ್ ಇವೆ ಅಂದಿದ್ದು ನಿಮ್ಮ ಮಾವ. ಸಂಜೆ ಬಂದಾಗ ಒಂದೇ" ಎಂದರು. "ರಿಟೈರ್ ಆಗ್ತಿದೀನಿ, ನೆನಪಿಗೆ ಒಂದು ಪ್ಲೇಟ್ ಕೊಡಿ ಅಂತ ಕೇಳಿದ್ದೂ ಅವರೇ. ಆಗಲ್ಲ ಅಂದೆ. ಅದಾದ ಮೇಲೆ ಪ್ಲೇಟ್ ಮಾಯ. ಇದಕ್ಕೆ ಪತ್ತೇದಾರ ಬೇರೆ ಬೇಕಾ? ನಾನಂತೂ ಭಾನುವಾರ ಮನೆ ಹೊಸ್ತಿಲು ದಾಟಿಲ್ಲ, ನನ್ನನ್ನೇನು ಕೇಳ್ತೀರಿ?"

ಬಳಗದ ಒಬ್ಬರು ಆ ದಿನ ತೆಗೆದ ಅಜ್ಜಿಯ ಫೋಟೋ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ನನ್ನ ಸಿಗ್ನಲ್ ಕಂಬ ಎಲ್ಲಿ ಇದರಲ್ಲಿ? ಪ್ಲೇಟಿನ ಜೊತೆ ಅದನ್ನೂ ನಿಮ್ಮ ಮಾವ ಹೊತ್ಕೊಂಡು ಹೋದ್ರಾ?"

ನಾನು ಫೋಟೋ ಹಿಂದಕ್ಕೆ ಎಳೆದುಕೊಂಡೆ. ರೈಲು ಹುಚ್ಚರಿಗೆ ಇದೊಂದು ಚಟ. ಅಂದ ಕೆಡಿಸುತ್ತದೆಂದು ಫೋಟೋದಿಂದ ಕಂಬ, ತಂತಿ ಎಲ್ಲ ಅಳಿಸಿಬಿಡುತ್ತಾರೆ.

"ತಿದ್ದಿದ್ದು, ಕತ್ತರಿಸಿದ್ದು ನನಗೆ ಬೇಡ. ಏನಾದ್ರೂ ಸಿಕ್ಕಿದ್ರೆ ಕ್ಯಾಮೆರಾದೊಳಗಿನ ಕಾರ್ಡೇ ತನ್ನಿ. ನನ್ನ ಕೈಗೇ ಕೊಡಿ" ಎಂದು ಸಾಹೇಬರು ಎದ್ದರು.

ತರುವುದೆಲ್ಲಿಂದ? ಒಂದು ವಾರದಿಂದ ಬಳಗದವರ ಫೋಟೋ ನೋಡಿ ನೋಡಿ ಕಣ್ಣು ಸೋತುಹೋಗಿತ್ತು. ಅಜ್ಜಿ ಬರುತ್ತಿರುವುದು, ಅಜ್ಜಿ ಹೋಗುತ್ತಿರುವುದು, ಅಜ್ಜಿ ಹೊಗೆ ಬಿಡುತ್ತಿರುವುದು. ನೂರಾರು ಫೋಟೋಗಳಲ್ಲಿ ಒಂದೇ ಒಂದರಲ್ಲೂ ಎಡಗಡೆ ಇಲ್ಲ. ಎಲ್ಲವೂ ಬಲಗಡೆ.

ಏಕೆಂದು ನಿನ್ನೆ ಬಟ್ಟೆ ಮಡಚುತ್ತಾ ಹೆಂಡತಿಯೇ ಹೇಳಿದ್ದಳು.

"ಬಿಸಿಲು ಬೀಳೋ ಕಡೆಯಿಂದ ಮಾತ್ರ ಫೋಟೋ ತೆಗೀತೀವಿ ರೀ. ಬೆಳಿಗ್ಗೆ ಗಾಡಿ ಹೋಗುವಾಗ ಸೂರ್ಯ ಅಜ್ಜಿಯ ಬಲಕ್ಕೆ. ಮೇಲಿನ ಸ್ಟೇಷನ್ನಲ್ಲಿ ಎಂಜಿನ್ ತಿರುಗಿಸ್ತಾರೆ. ವಾಪಸ್ ಬರೋ ಹೊತ್ತಿಗೆ ಸೂರ್ಯನೂ ಆ ಕಡೆ ತಿರುಗಿರ್ತಾನೆ. ಆಗಲೂ ಬಲಕ್ಕೇ. ಅಜ್ಜಿಯ ಎಡಗಡೆ ಯಾವಾಗಲೂ ನೆರಳು. ನೆರಳನ್ನ ಯಾರು ತೆಗೀತಾರೆ?"

"ಅಂದ್ರೆ ಆ ಕಡೆ ಯಾರೂ ನೋಡಲ್ಲ ಅಂತ ಗೊತ್ತಿರೋನೇ ಕಳ್ಳ."

"ಹೌದು. ನಮ್ಮಲ್ಲೊಬ್ಬ, ಇಲ್ಲಾ ನಮ್ಮನ್ನ ಚೆನ್ನಾಗಿ ಬಲ್ಲವನು."

ವಾಪಸ್ ಬರುವ ಗಾಡಿ ನೀರಿಗಾಗಿ ಈ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರೆಲ್ಲ ಬಿಸಿಲಿನ ಕಡೆ ಇಳಿದು ಅಜ್ಜಿಯ ಮುಂದೆ ಹಲ್ಲು ಕಿರಿಯುತ್ತಾರೆ. ಫೈರ್‌ಮನ್ ಎಂಜಿನ್ನಿನ ಹಿಂಭಾಗಕ್ಕೆ ಹತ್ತಿ ನೀರಿನ ಕೊಳವೆ ಹಿಡಿದಿರುತ್ತಾನೆ. ನೆರಳಿನ ಕಡೆ ನರಪಿಳ್ಳೆ ಇರುವುದಿಲ್ಲ. ನಾಲ್ಕು ಬೋಲ್ಟು ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಆದರೆ ಪೊದೆ ಬೇರೆಯೇ ಹೇಳುತ್ತಿತ್ತು. ಆ ಭಾನುವಾರ ನೆರಳಿನ ಕಡೆ ಒಂದು ಕ್ಯಾಮೆರಾ ಇತ್ತು.

ಹೆಂಡತಿ ಆಗಲೇ ಸ್ಕೂಟರಿನ ಹತ್ತಿರ ಹೋಗಿದ್ದಳು. ನಾನು ಏಳಲು ಕೊಂಬೆ ಹಿಡಿದೆ. ಬೆರಳಿಗೆ ಏನೋ ತಾಗಿತು. ಎರಡು ಕೊಂಬೆಗಳನ್ನು ಕತ್ತರಿಸದೆ ಪಕ್ಕಕ್ಕೆ ಎಳೆದು ಬಿಳಿ ದಾರದಲ್ಲಿ ಕಟ್ಟಿದ್ದರು. ಮೇಣ ಹಚ್ಚಿದಂತೆ ನುಣುಪಾದ, ತೆಳ್ಳನೆಯ ದಾರ.

ಮೂಸಿದೆ. ಒಂದು ವಾರ ಬಿಸಿಲುಂಡರೂ ಪುದೀನದ ವಾಸನೆ ಸಣ್ಣಗೆ ಉಳಿದಿತ್ತು.

ಹಲ್ಲಿನ ಸಂದಿ ಉಜ್ಜುವ ದಾರ! ಸಂತೋಷಕ್ಕೆ ಮಂಡಿನೋವು ಮರೆತೇಹೋಯಿತು. ಬಳಗದಲ್ಲಿ ಇರುವುದು ಒಬ್ಬರೇ ಹಲ್ಲಿನ ಡಾಕ್ಟರು. ಅವರೇ ಅಧ್ಯಕ್ಷರು ಬೇರೆ.

"ಏನು ಸಿಕ್ತು?" ಎಂದಳು ಹೆಂಡತಿ, ನಾನು ಹತ್ತಿ ಕೂತಾಗ.

"ಡಾಕ್ಟ್ರು ಸಿಕ್ಕಿದ್ರು" ಎಂದು ದಾರ ತೋರಿಸಿದೆ.

ಅವಳು ಗಾಡಿ ಹೊರಡಿಸಿದಳು. ಬಲ ಅಂಗೈಗೆ ಸುತ್ತಿದ ಬಟ್ಟೆಯಿಂದಾಗಿ ಹಿಡಿತ ಸರಿಯಿರಲಿಲ್ಲ. ಹೋದ ಭಾನುವಾರ ಸ್ಕೂಟರಿನ ಸೈಲೆನ್ಸರ್ ತಾಗಿ ಬೊಬ್ಬೆ ಎದ್ದದ್ದಂತೆ. ನಾನು ಕಂಡ ಅಪಘಾತಗಳಲ್ಲೆಲ್ಲ ಸೈಲೆನ್ಸರ್ ಸುಡುವುದು ಕಾಲನ್ನು. "ಸ್ಕೂಟರನ್ನ ಕೈಯಲ್ಲಿ ಒದ್ದು ಸ್ಟಾರ್ಟ್ ಮಾಡಿದ್ಯಾ?" ಎಂದು ಅವತ್ತೇ ರೇಗಿಸಿದ್ದೆ. ಅವಳು ನಕ್ಕಿದ್ದಳು.

ವಾರವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಹೆಂಗಸು ಭಾನುವಾರ ಬಂತೆಂದರೆ ರೈಲಿನ ಹಿಂದೆ ಸ್ಕೂಟರ್ ಓಡಿಸುತ್ತಾಳೆ. ಒಂದು ತಿರುವಿನಲ್ಲಿ ಫೋಟೋ ತೆಗೆದು, ರೈಲಿಗಿಂತ ಮುಂಚೆ ಮುಂದಿನ ಸೇತುವೆಗೆ ಓಡಬೇಕು. ಇಡೀ ಊರಿಗೆ ಅವಳು ‘ಗಾಡಿ ಅಕ್ಕ’. ಹೋದ ವಾರ ಮಾತ್ರ ಮೇಲಿನ ಸ್ಟೇಷನ್ನಿನಿಂದ ನೀರಿನ ನಿಲ್ದಾಣದವರೆಗೆ ಅವಳದೊಂದೂ ಫೋಟೋ ಇಲ್ಲ. ಗೇಟು ಹಾಕಿತ್ತಂತೆ, ಗಾಡಿ ತಪ್ಪಿತಂತೆ.

ಮನೆಯಲ್ಲಿ ಮಾವ ವರಾಂಡದಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಕಳ್ಳನೆನಿಸಿಕೊಂಡ ಮನುಷ್ಯನ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಬಾಯಲ್ಲಿ ಸಣ್ಣಗೆ ಸಿಳ್ಳೆ ಬೇರೆ.

"ಬನ್ನಿ ಅಳಿಯಂದ್ರೇ. ಮಂಡಿ ಯಾಕೆ ಕೆಂಪಾಗಿದೆ? ನಮ್ಮ ಪುಟ್ಟಿ ಹತ್ರ ಕ್ಷಮೆ ಕೇಳೋ ಅಂಥದ್ದು ಏನು ಮಾಡಿದ್ರಿ?"

"ನಿಮ್ಮ ಕೇಸಿಗೆ ಮಂಡಿ ಊರಿದ್ದು ಮಾವ. ನೀವು ನೋಡಿದ್ರೆ ಸಿಳ್ಳೆ ಹಾಕ್ತಿದೀರಿ!"

"ಅತ್ರೆ ಪ್ಲೇಟ್ ವಾಪಸ್ ಬರುತ್ತಾ? ನಾಳೆ ಕೂರಿಸ್ತಾರೋ ಬಿಡ್ತಾರೋ, ಬೂಟಂತೂ ಹೊಳೀಬೇಕು." ಹಾಗೆಂದರೂ ಬ್ರಷ್ಷನ್ನು ಅಗತ್ಯಕ್ಕಿಂತ ಜೋರಾಗಿ ಉಜ್ಜುತ್ತಿದ್ದರು. ನಾಳೆಯ ಒಂದು ದಿನಕ್ಕಾಗಿ ಅವರ ಜೀವ ಎಷ್ಟು ಬಡಿದುಕೊಳ್ಳುತ್ತಿದೆ ಎಂಬುದು ಆ ಬ್ರಷ್ಷಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಪ್ಲೇಟನ್ನ ಕೊನೇ ಸಲ ಯಾವಾಗ ನೋಡಿದ್ರಿ?"

"ಮೇಲೆ ಎಂಜಿನ್ ತಿರುಗಿಸಿದಾಗ ನಾನೇ ಬಟ್ಟೆ ಹಾಕಿ ಉಜ್ಜಿದೀನಿ. ಅಜ್ಜಿಗೆ ಎರಡು ಕಿವಿಯೋಲೆ ಅವು. ನೀರು ತುಂಬಿದ ಮೇಲೆ ಬಿಸಿಲಿನ ಕಡೆಯಿಂದಲೇ ಹತ್ತಿದೆ, ಆ ಕಡೆ ನೋಡ್ಲಿಲ್ಲ."

"ನೀರಿನ ನಿಲ್ದಾಣಕ್ಕೆ ಬರುವಾಗ ಎಡಗಡೆ ಕಿಟಕೀಲಿ ನೀವೇ ಕೂತಿದ್ರಲ್ಲ. ಪೊದೇಲಿ ಯಾರಾದ್ರೂ ಕಂಡ್ರಾ?"

ಬ್ರಷ್ಷು ನಿಂತಿತು. ಮಾವ ಮಗಳ ಮುಖ ನೋಡಿದರು. ಮಗಳು ಗೋಡೆ ನೋಡಿದಳು.

"ಡ್ರೈವರ್ ಆದೋನು ಮುಂದೆ ನೋಡ್ತಾನೆ ಅಳಿಯಂದ್ರೇ, ಪಕ್ಕಕ್ಕಲ್ಲ" ಎಂದು ಮಾವ ಇನ್ನೊಂದು ಬೂಟು ಎತ್ತಿಕೊಂಡರು. "ಊಟ ಮಾಡ್ಕೊಂಡು ಹೋಗಿ. ಹಸಿದ ಪತ್ತೇದಾರನಿಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ."

ಮೂವರೂ ಕೂತು ಹೊಟ್ಟೆ ತುಂಬ ಉಂಡೆವು. ಮಾವ ಹಳೆಯ ಕಥೆ ಹೇಳಿದರು, ನಾವು ಹೊಸದಾಗಿ ನಕ್ಕೆವು. ಎಷ್ಟೇ ಕಷ್ಟವಿರಲಿ, ಈ ಮನೆಯಲ್ಲಿ ಊಟದ ಹೊತ್ತಿಗೆ ಅದನ್ನು ಹೊರಗೆ ನಿಲ್ಲಿಸುತ್ತಾರೆ. ನಾನು ಈ ಮನೆಗೆ ಅಳಿಯನಾದದ್ದು ನನ್ನ ಪುಣ್ಯವೆಂದು ಆಗಾಗ ಅನಿಸುತ್ತದೆ. ಹೆಂಡತಿಗೆ ಹೇಳಿಲ್ಲ, ತಲೆ ಮೇಲೆ ಕೂರುತ್ತಾಳೆ.

ಡಾಕ್ಟರ ಕ್ಲಿನಿಕ್ಕು ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿತ್ತು. ಶನಿವಾರ ಮಧ್ಯಾಹ್ನ ಮುಂಚೆ ಹೇಳದೆ ಬಂದವರಲ್ಲಿ ನಿಜವಾಗಿ ಹಲ್ಲು ನೋವಿರುವವರನ್ನು ಮಾತ್ರ ಒಳಗೆ ಬಿಡುತ್ತಾರೆ. ನನ್ನ ದವಡೆ ಹಲ್ಲು ಎರಡು ತಿಂಗಳಿಂದ ಗೋಳಾಡುತ್ತಿತ್ತು. ಅದಕ್ಕೂ ಒಂದು ಕೆಲಸ ಸಿಕ್ಕಿತು.

"ನಾನು ಹೊರಗೇ ಕೂತಿರ್ತೀನಿ" ಎಂದಳು ಹೆಂಡತಿ.

ಒಳಗೆ ಗೋಡೆಯ ಮೇಲೆ ಹಲ್ಲಿನ ಚಿತ್ರ ಒಂದೂ ಇಲ್ಲ. ಎಲ್ಲ ರೈಲು. ಜೊತೆಗೆ ಹರಾಜಿನಲ್ಲಿ ಕೊಂಡ ಎರಡು ಹಳೆಯ ಹಿತ್ತಾಳೆ ಫಲಕಗಳು, ಕನ್ನಡಿಯಂತೆ ಹೊಳೆಯುತ್ತಿದ್ದವು. ಮೂರನೆಯದಕ್ಕೆ ಜಾಗ ಖಾಲಿ ಇತ್ತು.

ಡಾಕ್ಟರು ಆನೆಯಂಥ ಆಳು, ಬೆಕ್ಕಿನಂಥ ಕೈ. ಕುರ್ಚಿಯಲ್ಲಿ ನನ್ನನ್ನು ಮಲಗಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಸೂಜಿ ಚುಚ್ಚಿಯೇಬಿಟ್ಟರು.

"ಇದು ಹೋಗಲೇಬೇಕು. ಮರಗಟ್ಟೋಕೆ ಐದು ನಿಮಿಷ. ಅಲ್ಲೀವರೆಗೂ ಆರಾಮಾಗಿರಿ."

ಅಂದರೆ ನನ್ನ ನಾಲಿಗೆಗೆ ಉಳಿದದ್ದು ಐದೇ ನಿಮಿಷ. ಜೇಬಿನಿಂದ ದಾರ ತೆಗೆದು ಎತ್ತಿ ಹಿಡಿದೆ.

"ಡಾಕ್ಟ್ರೇ, ಇದು ನಿಮ್ಮದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರು ಮೇಜಿನ ಮೇಲಿನ ದಾರದ ಡಬ್ಬಿ ಮುಟ್ಟಿ ನೋಡಿಕೊಂಡರು.

"ಅದನ್ನ ಯಾರು ಬೇಕಾದ್ರೂ ಕೊಂಡ್ಕೋಬಹುದು."

"ಕೊಂಡ್ಕೋಬಹುದು. ಆದ್ರೆ ಮುಳ್ಳುಕೊಂಬೆಗೆ ಈ ಥರ ಗಂಟು ಹಾಕೋರು ಯಾರು? ಹೋದ ವರ್ಷ ನನ್ನ ಹಲ್ಲು ಕಿತ್ತು ಒಸಡಿಗೆ ಹೊಲಿಗೆ ಹಾಕಿದ್ರಲ್ಲ, ಕನ್ನಡೀಲಿ ನೋಡ್ಕೊಂಡಿದ್ದೆ. ಇದೇ ಗಂಟು."

ಅವರು ದಾರದಿಂದ ಕಣ್ಣು ತೆಗೆದರು. ಇಕ್ಕಳ ಒರೆಸತೊಡಗಿದರು.

"ನೀರಿನ ನಿಲ್ದಾಣದಲ್ಲಿ, ನೆರಳಿನ ಕಡೆ, ಹೋದ ಭಾನುವಾರ. ಗೋಡೆ ಮೇಲೆ ಮೂರನೇ ಪ್ಲೇಟಿಗೆ ಜಾಗಾನೂ ಇದೆ. ನಾಲ್ಕು ಬೋಲ್ಟ್ ಬಿಚ್ಚೋಕೆ ನಿಮಗೆಷ್ಟು ಹೊತ್ತು? ಹಲ್ಲು ಕೀಳೋ ಕೈ!"

"ರೀ ಸ್ವಾಮೀ!" ಡಾಕ್ಟರ ಮುಖ ಕೆಂಪಾಯಿತು. "ನಾನು ಕಳ್ಳನಾ? ಇವೆರಡನ್ನೂ ನಾಲ್ಕು ಜನರ ಮುಂದೆ ಕೂಗಿ ಕೊಂಡಿದೀನಿ!"

"ಹಾಗಾದ್ರೆ ಪೊದೇಲಿ ಮಂಡಿ ಊರಿ ಏನು ಮಾಡ್ತಿದ್ರಿ?"

ಡಾಕ್ಟರು ಬಾಗಿಲ ಕಡೆ ನೋಡಿದರು. ಹೋಗಿ ಅದನ್ನು ಮುಚ್ಚಿ ಬಂದರು. ಆಮೇಲೆ, ಎಂಥದೋ ಮಾಡಬಾರದ್ದು ಮಾಡಿದವರ ಹಾಗೆ ಪಿಸುಗುಟ್ಟಿದರು.

"ಫೋಟೋ ತೆಗೀತಿದ್ದೆ. ನೆರಳಿನದ್ದು."

ನನಗೆ ನಗು ತಡೆಯಲಾಗಲಿಲ್ಲ. ಬಳಗದಲ್ಲಿ ನೆರಳಿನ ಫೋಟೋ ತಂದವನು ಎಲ್ಲರಿಗೂ ಚಹಾ ಕುಡಿಸಬೇಕು. ಆ ಶಿಕ್ಷೆ ಜಾರಿಗೆ ತಂದವರು ಇವರೇ. ಹೊಸಬರು ಬಂದಾಗಲೆಲ್ಲ ‘ಸೂರ್ಯ ನಿಮ್ಮ ಬೆನ್ನಿಗಿರಲಿ’ ಎಂದು ಅರ್ಧ ಗಂಟೆ ಭಾಷಣ ಬಿಗಿಯುವವರೂ ಇವರೇ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದೆ.

"ಅಂದ್ಕೊಳ್ಳಿ. ಮೂವತ್ತು ವರ್ಷ ಬಿಸಿಲಿನ ಫೋಟೋ ತೆಗೆದೆ. ನನ್ನದೂ ಒಂದೇ, ಪಕ್ಕದವನದೂ ಒಂದೇ. ಒಂದಿನ ತಪ್ಪಿ ಆ ಕಡೆ ನಿಂತೆ ನೋಡಿ..." ಡಾಕ್ಟರ ಧ್ವನಿ ಮೆತ್ತಗಾಯಿತು. "ಬಿಸಿಲಲ್ಲಿ ಒಳಗಡೆ ಬರೀ ಕಪ್ಪು. ಎಂಜಿನ್ ಒಳಗಿನ ಬೆಂಕಿ ಡ್ರೈವರ್ ಮುಖದ ಮೇಲೆ ಬೀಳುತ್ತಲ್ಲ, ಅದು ಕಾಣೋದು ನೆರಳಿನ ಕಡೆಯಿಂದ ಮಾತ್ರ. ನಾನು ಅದಕ್ಕೇ ಹೋಗ್ತೀನಿ."

ಆ ಕ್ಷಣ ಅವರ ಮೇಲೆ ನನಗೆ ಪ್ರೀತಿಯೇ ಬಂತು. ಆದರೆ ನಾಲಿಗೆಯ ತುದಿ ಜುಮ್ಮೆನ್ನುತ್ತಿತ್ತು. ಹೊತ್ತಿರಲಿಲ್ಲ.

"ಹಾಗಾದ್ರೆ ವಾರದಿಂದ ಬಾಯಿ ಮುಚ್ಕೊಂಡು ಯಾಕೆ ಕೂತ್ರಿ? ಚಹಾ ಕುಡಿಸಬೇಕಾಗುತ್ತೆ ಅಂತಾನಾ? ಅಲ್ಲಿ ನನ್ನ ಮಾವ ಕಳ್ಳ ಅನ್ನಿಸ್ಕೊಂಡಿದಾರೆ!"

"ನನ್ನ ಮರ್ಯಾದೆಗಲ್ಲ ಸ್ವಾಮಿ. ನಿಮ್ಮ ಮನೆಯವರಿಗೋಸ್ಕರ."

ಅವರು ಹಲ್ಲಿನ ಅಚ್ಚುಗಳನ್ನಿಡುವ ಕಪಾಟು ತೆರೆದು, ಹಿಂದಿನಿಂದ ಎರಡು ಫೋಟೋ ತೆಗೆದರು. ಮೊದಲನೆಯದನ್ನು ನನ್ನ ಎದೆಯ ಮೇಲಿಟ್ಟರು.

ಅಜ್ಜಿ ನೀರಿನ ಕಂಬದ ಹತ್ತಿರ ಬರುತ್ತಿದ್ದಾಳೆ. ಎಡಬದಿ. ಕಿಟಕಿಯ ಕೆಳಗೆ ಹಿತ್ತಾಳೆ ಫಲಕ, ಒಂದೊಂದು ಅಕ್ಷರವೂ ಓದುವಂತಿದೆ. ಮೂಲೆಯಲ್ಲಿ ತಾರೀಖು, ಗಂಟೆ. ಕೂ ಎಂದು ಸಿಳ್ಳೆ ಹಾಕಬೇಕೆನಿಸಿತು. ಮಾವ ಗೆದ್ದರು!

ಆಮೇಲೆ ಕಿಟಕಿ ನೋಡಿದೆ.

ಕಿಟಕಿಯಲ್ಲಿ ಮಾವನ ಟೋಪಿ ಇತ್ತು. ಟೋಪಿಯ ಕೆಳಗೆ ಮಾವ ಇರಲಿಲ್ಲ. ಬೆಂಕಿಯ ಬೆಳಕು ಕೆನ್ನೆಗೆ ಬಿದ್ದು, ಬಲಗೈಯಲ್ಲಿ ಹಿಡಿಕೆ ಹಿಡಿದು, ಬಾಯ್ತುಂಬ ನಗುತ್ತಾ ಅಜ್ಜಿಯನ್ನು ಓಡಿಸುತ್ತಿದ್ದವಳು ನನ್ನ ಹೆಂಡತಿ.

ಗೇಟು ಹಾಕಿರಲಿಲ್ಲ. ಅಂಗೈಗೆ ತಾಗಿದ್ದು ಸೈಲೆನ್ಸರ್ ಅಲ್ಲ, ಆ ಕಾದ ಹಿಡಿಕೆ. ಸುಳ್ಳು ಅಪಘಾತ ಹಿಡಿಯುವುದನ್ನೇ ಕಸುಬು ಮಾಡಿಕೊಂಡವನ ಮನೆಯೊಳಗೆ ಒಂದು ಸುಳ್ಳು ಅಪಘಾತ ವಾರದಿಂದ ಕೈಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿತ್ತು. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ.

ಕೋಪ ಬರಬೇಕಿತ್ತು. ಬರಲಿಲ್ಲ. ಅವಳು ಅಷ್ಟು ಸಂತೋಷವಾಗಿರುವುದನ್ನು ನಾನು ಎಂದೂ ನೋಡಿರಲಿಲ್ಲ. ಆ ಹಾಳು ಫೋಟೋವನ್ನು ಮನೆಯಲ್ಲಿ ತೂಗುಹಾಕಬೇಕೆನಿಸಿತು.

"ನೋಡಿದ್ರಾ?" ಡಾಕ್ಟರು ನಿಟ್ಟುಸಿರುಬಿಟ್ಟರು. "ಹೊರಗಿನೋರು ಹಿಡಿಕೆ ಮುಟ್ಟಿದ್ರೆ ಡ್ರೈವರ್ ಕೆಲಸ ಅವತ್ತೇ ಹೋಗುತ್ತೆ. ನೆರಳಿನ ಕಡೆ ಯಾರೂ ನೋಡಲ್ಲ ಅಂತ ಅಪ್ಪ ಮಗಳಿಬ್ರೂ ಧೈರ್ಯ ಮಾಡಿದಾರೆ. ಕಳ್ಳನೂ ಅದನ್ನೇ ನಂಬ್ಕೊಂಡ."

ಎರಡನೆಯ ಫೋಟೋ ಕೈಗೆ ಕೊಟ್ಟರು. ಗಾಡಿ ಹೊರಡುವ ಹೊತ್ತು. ಫಲಕದ ಜಾಗದಲ್ಲಿ ನಾಲ್ಕು ತೂತು. ನಾನು ನೋಡಿದ್ದು ಅಷ್ಟೇ.

"ಮಧ್ಯೆ ನೀವೆಲ್ಲಿ ಹೋಗಿದ್ರಿ?" ಎಂದೆ. ತುಟಿ ಎಳೆಯುತ್ತಿತ್ತು.

"ಬಿಸಿಲಿನ ಕಡೆ, ಗುಂಪು ಫೋಟೋಗೆ. ಅಧ್ಯಕ್ಷ ಇಲ್ದೆ ಹೇಗೆ? ನಿಮ್ಮ ಮಾವ ನನ್ನ ಪಕ್ಕದಲ್ಲೇ ನಿಂತಿದ್ರು, ನೀರು ತುಂಬಿ ಮುಗಿಯೋವರೆಗೂ. ನಿಮ್ಮ ಮನೆಯವರೂ ಆ ಕಡೆಗೇ ಇಳಿದಿದ್ರು."

ಇನ್ನೇನು ಬೇಕು? ನಿಲ್ದಾಣಕ್ಕೆ ಬಂದಾಗ ಫಲಕ ಇತ್ತು, ಹೊರಟಾಗ ಇರಲಿಲ್ಲ, ನಡುವೆ ಮಾವ ಎಲ್ಲರ ಕಣ್ಣ ಮುಂದಿದ್ದರು. ಮಾವನನ್ನು ಉಳಿಸುವ ಸಾಕ್ಷಿ ಜಗತ್ತಿನಲ್ಲಿ ಇದೊಂದೇ. ಮಾವನನ್ನು ಮುಳುಗಿಸುವ ಸಾಕ್ಷಿಯೂ ಇದೊಂದೇ.

"ಕಿಟಕಿ... ಕತ್ತರಿಸಿ..." ಎಂದೆ. ಅರ್ಧ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ.

"ಸಾಹೇಬ್ರು ಕಾರ್ಡೇ ಕೇಳಿದಾರೆ ಅಂತ ಆಗಲೇ ಬಳಗದಲ್ಲೆಲ್ಲ ಸುದ್ದಿ. ಇಗೋ, ಬಂದದ್ದು ಬಂದ ಹಾಗೇ ಇದೆ. ಬೇರೆಲ್ಲೂ ಇಟ್ಟಿಲ್ಲ. ಬಳಗದೋರ ಕಣ್ಣಿಗೆ ಬಿದ್ರೆ ನನ್ನ ಕಥೆ ಏನು?" ಉಗುರಿನಷ್ಟಿದ್ದ ಕಾರ್ಡನ್ನು ತಟ್ಟೆಯ ಮೇಲಿಟ್ಟರು.

ಬಾಗಿಲು ತೆರೆಯಿತು. ಹೆಂಡತಿ. ತೆಳ್ಳನೆಯ ಬಾಗಿಲು, ಎಲ್ಲ ಕೇಳಿಸಿರಬೇಕು. ಅವಳು ನೇರವಾಗಿ ಬಂದು ನನ್ನ ಎದೆಯ ಮೇಲಿದ್ದ ಫೋಟೋ ಎತ್ತಿಕೊಂಡಳು. ತುಂಬ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೀನಿ" ಎಂದಳು.

ಡಾಕ್ಟರು ನಾಚಿಕೊಂಡು ನೆಲ ನೋಡಿದರು.

"ನಾನೇ ಕೇಳಿದ್ದು ರೀ. ಆರು ವರ್ಷದೋಳಿದ್ದಾಗಿಂದ ಕೇಳ್ತಿದ್ದೆ. ಒಂದೇ ಒಂದು ಸಲ ಅಪ್ಪಾ ಅಂತ. ಅಪ್ಪ ಯಾವತ್ತೂ ಹೂಂ ಅಂದಿರ್ಲಿಲ್ಲ. ಹೋದ ವಾರ ಮೇಲಿನ ಸ್ಟೇಷನ್ನಲ್ಲಿ ಕರೆದು, ಹತ್ತು ಪುಟ್ಟಿ, ಅಂದ್ರು." ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ನಿಮಗೆ ಹೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ಪ್ಲೇಟ್ ಹೋಯ್ತು. ಹೇಳಿದ್ರೆ ನೀವು ಸುಳ್ಳು ಹೇಳ್ಬೇಕಾಗ್ತಿತ್ತು. ನಿಮಗೆ ಅದು ಬರಲ್ಲ."

ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಶೆಡ್ಡಿನ ಸಾಹೇಬರು. ಬೇಡ ಎಂದು ಕೈಯಾಡಿಸಿದೆ. ಅವಳು ಎತ್ತಿದಳು. ಅವರ ಧ್ವನಿ ನನಗೂ ಕೇಳುತ್ತಿತ್ತು.

"ಏನಮ್ಮ, ನಿಮ್ಮ ಯಜಮಾನ್ರು ಫೋನ್ ಎತ್ತಲ್ಲ. ನಾಳೆಗೆ ಬೇರೆ ಡ್ರೈವರಿಗೆ ಹೇಳಿಬಿಡ್ತೀನಿ."

"ಹೇಳ್ಬೇಡಿ ಸಾಹೇಬ್ರೇ. ನೆರಳಿನ ಕಡೆಯ ಫೋಟೋ ಸಿಕ್ಕಿದೆ."

ಆ ಕಡೆ ಕುರ್ಚಿ ಸರಿದ ಸದ್ದು. ಸಾಹೇಬರು ಧ್ವನಿ ತಗ್ಗಿಸಿ ಕೇಳಿದರು. "ಪ್ಲೇಟ್ ಕಾಣುತ್ತಾ?"

"ಕಾಣುತ್ತೆ. ಗಾಡಿ ಓಡಿಸ್ತಿದ್ದೋರ ಮುಖಾನೂ ಕಾಣುತ್ತೆ. ಕಾರ್ಡ್ ನಾನೇ ತರ್ತೀನಿ."

ಅವಳು ಫೋನು ಇಟ್ಟು, ಕಾರ್ಡನ್ನೂ ಫೋಟೋವನ್ನೂ ಚೀಲಕ್ಕೆ ಹಾಕಿಕೊಂಡಳು. ನಾನು ಏಳಲು ಹೋದೆ. ನನ್ನ ಭುಜ ಒತ್ತಿ ಕೂರಿಸಿದಳು.

"ಅಪ್ಪ ಕಳ್ಳ ಅನ್ನಿಸ್ಕೊಂಡು ಮನೇಲಿ ಕೂರೋದಕ್ಕಿಂತ, ಮಗಳ ಕೈಗೆ ಗಾಡಿ ಕೊಟ್ಟೋನು ಅನ್ನಿಸ್ಕೊಂಡು ಕೂರಲಿ. ನಾಳೆ ಓಡಿಸೋಕೆ ಬಿಡಿ ಅಂತ ಕಾಲಿಗೆ ಬಿದ್ದು ಕೇಳ್ತೀನಿ. ನೀವು ಹಲ್ಲು ಮುಗಿಸ್ಕೊಂಡು ಬನ್ನಿ."

ಹೋದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು. ಎಂಥವಳನ್ನು ಕಟ್ಟಿಕೊಂಡೆ ಎಂದು ಎದೆ ಉಬ್ಬಿತು. ಬಾಯಿ ಮಾತ್ರ ಪೂರ್ತಿ ಮರಗಟ್ಟಿತ್ತು.

"ಧೈರ್ಯದ ಹೆಣ್ಣುಮಗಳು" ಎಂದು ಡಾಕ್ಟರು ಕಣ್ಣೊರೆಸಿಕೊಂಡು ಇಕ್ಕಳ ಎತ್ತಿದರು. "ಆ ಇನ್ನೊಂದು ಫೋಟೋ ನಿಮ್ಮ ಕೈಯಲ್ಲೇ ಉಳೀತಲ್ಲ. ಇಲ್ಲಿ ಕೊಡಿ, ಬಾಯಿ ತೆರೀರಿ."

ಕೊಡುವ ಮುಂಚೆ ಇನ್ನೊಮ್ಮೆ ನೋಡಿದೆ. ಈ ಸಲ ನಾಲ್ಕು ತೂತನ್ನು ಬಿಟ್ಟು, ಉಳಿದದ್ದನ್ನು.

ಎಂಜಿನ್ನಿನ ಹಿಂದಿನ ಮೊದಲ ಬೋಗಿ. ನೆರಳಿನ ಬದಿಯ ಬಾಗಿಲು. ಯಾರೂ ಇಳಿಯದ, ಯಾರೂ ಹತ್ತದ ಆ ಬಾಗಿಲಲ್ಲಿ ಒಬ್ಬ ಹತ್ತುತ್ತಿದ್ದಾನೆ. ತಲೆ ಆಗಲೇ ಒಳಗೆ ಹೋಗಿದೆ. ಕೈಯಲ್ಲಿ ಚೀಲ, ಭಾರಕ್ಕೆ ಭುಜ ಒಂದು ಕಡೆ ವಾಲಿದೆ. ಕಾಣುವುದು ಬೆನ್ನು ಮಾತ್ರ. ಆ ಬೆನ್ನಿಗೆ ಗಾಳಿ ತಾಗದ ಹಾಗೆ ಸಾಸಿವೆ ಬಣ್ಣದ, ತೋಳಿಲ್ಲದ ಒಂದು ಸ್ವೆಟರ್.

ಕೆಳಗೆ ಸ್ಕೂಟರ್ ಸ್ಟಾರ್ಟ್ ಆಯಿತು.

ಇಕ್ಕಳ ತಳ್ಳಿ ಕಿಟಕಿಗೆ ಓಡಿದೆ. ಹೋಗಬೇಡ, ಆ ಕಾರ್ಡು ಅವನ ಕೈಗೆ ಕೊಡಬೇಡ ಎಂದು ಶಕ್ತಿಯೆಲ್ಲ ಬಿಟ್ಟು ಕೂಗಿದೆ. ಬಾಯಿಂದ ಹೊರಟದ್ದು "ಓ... ಆ..." ಅಷ್ಟೇ. ಅವಳು ತಲೆಯೆತ್ತಿ ನೋಡಿದಳು. ಹಲ್ಲು ನೋವೆಂದುಕೊಂಡು ನಕ್ಕು, ಬಟ್ಟೆ ಸುತ್ತಿದ ಕೈ ಬೀಸಿ, ಶೆಡ್ಡಿನ ರಸ್ತೆಗೆ ತಿರುಗಿದಳು.